ಆರು ಚದರದ ಜಾಣ್ಮೆ

ಬೆಂಗಳೂರಿನ 20×30 ಸೈಟೆಂದರೆ ಒಟ್ಟು 600 ಚದರಡಿ. ಮೇಸ್ತ್ರಿಗಳ ಲೆಕ್ಕದಲ್ಲಿ ಆರೇ ಚದರ. ಅದರಲ್ಲಿ ಕಾರಿಗೆ ಜಾಗ, ಕಾರಿನಡಿ ಸಂಪು, ಅಜ್ಜಿಗೆ ಕೆಳಗೇ ಒಂದು ರೂಮು, ಉಳಿದವರಿಗೆ ಮೇಲೆ. ಇಷ್ಟನ್ನೂ ಉಸಿರುಗಟ್ಟದಂತೆ ಹೊಂದಿಸಿದ ಮನೆಯ ಮೇಲೆ ನನಗೆ ಬಂಗಲೆಗಿಂತ ಹೆಚ್ಚು ಗೌರವ.

ನಾನು ಮೊದಲು ನೋಡುವುದು ಮೆಟ್ಟಿಲನ್ನು. 10 ಅಡಿ ಏರಲು ಏಳೇಳು ಇಂಚಿನಂತೆ ಹದಿನೇಳು ಹದಿನೆಂಟು ಮೆಟ್ಟಿಲು ಬೇಕೇ ಬೇಕು. ನೇರ ಕಟ್ಟಿದರೆ ಹಾಲನ್ನೇ ನುಂಗಿಬಿಡುತ್ತದೆ. ನಡುವೆ ತಿರುಗಿಸಿ ಮೂಲೆಗೆ ಒತ್ತಿದರೆ ಅಡಿಯಲ್ಲಿ ಯುಪಿಎಸ್ಸು, ಚಪ್ಪಲಿ ಗೂಡು, ಗುಡಿಸುವ ಸಾಮಾನು ಎಲ್ಲ ಸೇರುತ್ತವೆ. ನೆತ್ತಿಯ ಮೇಲೆ ಗಾಜು ಕೂರಿಸಿ ಪಕ್ಕಕ್ಕೆ ಜಾಲಿ ಬಿಟ್ಟರಂತೂ ಬೆಳಕು ಕೆಳಗಿಳಿಯುತ್ತದೆ, ಬಿಸಿಗಾಳಿ ಮೇಲೆ ಹೋಗುತ್ತದೆ. ಮೂರು ಕಡೆ ಪಕ್ಕದವರ ಗೋಡೆ ನಿಂತಿರುವಾಗ ಉಳಿದ ದಾರಿ ಆಕಾಶದ್ದೇ.

ಅಂಗಡಿಯ ಸೋಫಾ ಸೆಟ್ಟು ಇಲ್ಲಿ ದಂಡ. ಕಿಟಕಿಯ ಕೆಳಗೆ 18 ಇಂಚು ಎತ್ತರದ ಕಡಪ ಕಲ್ಲಿನ ಕಟ್ಟೆ ಸಾಕು: ಹಗಲು ಕೂರಲು, ರಾತ್ರಿ ನೆಂಟರಿಗೆ ಮಲಗಲು, ಒಳಗೆ ಕಂಬಳಿ ತುಂಬಲು. ಬಚ್ಚಲ ಮೇಲಿನ ಅಟ್ಟವನ್ನು ಹಳೇ ಫ್ಯಾಷನ್ ಎನ್ನುವ ಆರ್ಕಿಟೆಕ್ಟುಗಳು ದಸರಾ ಗೊಂಬೆಯ ಪೆಟ್ಟಿಗೆಗಳನ್ನು ಎಲ್ಲಿಡುತ್ತಾರೋ!