ವೇಗಿಯ ಎರಡನೆಯ ಜನ್ಮ

ಕಡೂರಿನಲ್ಲಿ ಬೆಂಗಳೂರಿನ ರೈಲು ಹತ್ತಿದವರಿಗೆ ಅರಸೀಕೆರೆ ದೂರವೇನಲ್ಲ. ಆ ಅರಸೀಕೆರೆಯಲ್ಲಿ 1971ರಲ್ಲಿ ವೇಗದ ಬೌಲರ್ ಡೇವಿಡ್ ಜಾನ್ಸನ್ ಹುಟ್ಟಿದರು. ಅದೇ ತಾಲ್ಲೂಕಿನಲ್ಲಿ, ಕಡೂರಿನ ತೆಂಕಣ ದಿಕ್ಕಿಗೆ, ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವನ್ನು ಮಡಿಲಲ್ಲಿಟ್ಟುಕೊಂಡಿರುವ ಜಾವಗಲ್ಲು, ಮೈಸೂರಿನಲ್ಲಿ ಹುಟ್ಟಿ ಬೆಳೆದ ವೇಗಿ ಜಾವಗಲ್ ಶ್ರೀನಾಥರ ಹೆಸರಿನೊಡನೆ ಲೋಕವನ್ನೆಲ್ಲ ಸುತ್ತಿ ಬಂದಿತು. ಕಡೂರು, ತರೀಕೆರೆ, ಅಜ್ಜಂಪುರಗಳ ನಾವು ಈ ಇಬ್ಬರನ್ನೂ ನೆರೆಮನೆಯವರೆಂದು ಭಾವಿಸುವುದರಲ್ಲಿ ತಪ್ಪೇನೂ ಇಲ್ಲ. 2017ರ ಮಹಿಳಾ ವಿಶ್ವಕಪ್‌ನ ಅಂತಿಮ ಪಂದ್ಯದಲ್ಲಿ ಲಾರ್ಡ್ಸ್ ಮೈದಾನಕ್ಕಿಳಿದ ವೇದಾ ಕೃಷ್ಣಮೂರ್ತಿಯವರನ್ನು ಕೊಟ್ಟ ಕಡೂರು, ವೇಗದ ಬೌಲಿಂಗಿನ ವಿಷಯ ಬಂದಾಗ ಇನ್ನೂ ನೆರೆಯವರ ಕೀರ್ತಿಯಿಂದಲೇ ತೃಪ್ತಿಪಡಬೇಕಾಗಿದೆ.

1996ರ ಡಿಸೆಂಬರ್ ತಿಂಗಳಲ್ಲಿ ಡರ್ಬನ್ನಿನ ಟೆಸ್ಟಿನಲ್ಲಿ ಭಾರತಕ್ಕಾಗಿ ಚೆಂಡು ಹಿಡಿದ ಶ್ರೀನಾಥ್, ವೆಂಕಟೇಶ ಪ್ರಸಾದ್, ಜಾನ್ಸನ್ ಮೂವರೂ ಕರ್ನಾಟಕದ ವೇಗಿಗಳೇ. ಪ್ರಸಾದರು ಎರಡು ಸರದಿಗಳಲ್ಲಿಯೂ ಐದೈದು ವಿಕೆಟ್ ಕಿತ್ತರು. ನಮ್ಮ ದಾಂಡಿಗರು 100ಕ್ಕೂ 66ಕ್ಕೂ ಮುಗಿದುಹೋದುದರಿಂದ ಆ ಶ್ರಮವೆಲ್ಲ ವ್ಯರ್ಥವಾಯಿತು. ಆದರೆ ಆ ಪಂದ್ಯವನ್ನು ನೆನೆದಾಗ ನನ್ನ ಮನಸ್ಸನ್ನು ಕಾಡುವುದು ಸೋಲಲ್ಲ, ಆ ಮೂವರ ದೇಹಗಳು. ವೇಗಿಯ ಯೋಗ್ಯತೆಯನ್ನು ಅವನ ವೇಗದಿಂದ ಅಳೆಯುವುದು ಲೋಕರೂಢಿ. ಶರೀರ ಒಮ್ಮೆ ಭಗ್ನವಾದ ಮೇಲೆ ಅವನು ಯಾವ ಬಗೆಯ ಬೌಲರ್ ಆಗಿ ಮರಳಿ ಬಂದನೆಂಬುದರಿಂದ ಅಳೆಯಬೇಕೆಂಬುದು ನನ್ನ ದೃಢವಾದ ನಂಬಿಕೆ.

ಶರೀರ ಭಗ್ನವಾಗುವ ಬಗೆಯನ್ನು ತಿಳಿಯದೆ ಈ ಕಲೆಯನ್ನು ಸವಿಯುವುದು ಸಾಧ್ಯವಿಲ್ಲ. ಬಲಗೈ ವೇಗಿಯೊಬ್ಬ ಓಡಿಬಂದು, ನೆಗೆದು, ಎಡಗಾಲನ್ನು ಕ್ರೀಸಿನ ಮೇಲೆ ಊರಿದ ಆ ಕ್ಷಣದಲ್ಲಿ ನೆಲದಿಂದ ಮರಳಿ ಏರುವ ಬಲವು ಅವನ ತೂಕದ ಐದು ಪಟ್ಟನ್ನು ಮೀರುವುದು ಅಪರೂಪವಲ್ಲ. ಅದೇ ಕ್ಷಣದಲ್ಲಿ ಬೆನ್ನೆಲುಬು ಹಿಂದಕ್ಕೆ ಬಾಗಿ, ಎಡಕ್ಕೆ ವಾಲಿ, ತನ್ನ ಅಕ್ಷದ ಸುತ್ತ ತಿರುಚಿಕೊಳ್ಳುತ್ತಿರುವುದರಿಂದ, ಆ ಭಾರವೆಲ್ಲ ಸೊಂಟದ ಕಶೇರುಗಳಲ್ಲಿ ಕೊನೆಯ ಎರಡರ ಎಡಬದಿಯ ತೆಳುವಾದ ಮೂಳೆಯ ಸೇತುವೆಯ ಮೇಲೆ ಬೀಳುತ್ತದೆ. ಒಂದು ಎಸೆತದಿಂದ ಏನೂ ಆಗದು. ಸಾವಿರಾರು ಎಸೆತಗಳು ಕೂಡಿ, ನಡುವೆ ಮೂಳೆಗೆ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಅವಕಾಶ ದೊರೆಯದಾಗ, ಕೂದಲೆಳೆಯಂಥ ಬಿರುಕು ಮೂಡುತ್ತದೆ. ಇದನ್ನೇ ವೈದ್ಯರು ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುವುದು. ಸೊಂಟವು ಒಂದು ದಿಕ್ಕಿಗೂ ಭುಜಗಳು ಇನ್ನೊಂದು ದಿಕ್ಕಿಗೂ ಮುಖಮಾಡಿರುವ ಮಿಶ್ರ ಶೈಲಿಯ ಬೌಲರನಿಗೆ ಈ ಅಪಾಯ ಹೆಚ್ಚು. ಮೂಳೆ ಪೂರ್ಣವಾಗಿ ಬಲಿಯದ ಹದಿವಯಸ್ಸಿನವನಿಗೆ ಇನ್ನೂ ಹೆಚ್ಚು. ಆಸ್ಟ್ರೇಲಿಯಾದ ಡೆನಿಸ್ ಲಿಲ್ಲಿ 1973ರಲ್ಲಿ ಹೀಗೆ ಬೆನ್ನು ಮುರಿದುಕೊಂಡು, ಕಠಿಣ ವ್ಯಾಯಾಮದಿಂದ ಮೈಯನ್ನು ಪುನಃ ಕಟ್ಟಿ, ಕೊನೆಗೆ 70 ಟೆಸ್ಟುಗಳಲ್ಲಿ 355 ವಿಕೆಟ್ ಪಡೆದರು. ಅದೇ ಲಿಲ್ಲಿಯವರು 1987ರಿಂದ ಮದರಾಸಿನ ಎಂಆರ್‌ಎಫ್ ಪೇಸ್ ಫೌಂಡೇಶನ್ನಿನಲ್ಲಿ ನಮ್ಮ ಹುಡುಗರಿಗೆ ಗುರುವಾದದ್ದು ಭಾರತದ ಭಾಗ್ಯವೆನ್ನಬೇಕು. ಏಕೆಂದರೆ ನೋವುಂಡವನ ಕಣ್ಣಿಗೆ ಮಾತ್ರ ಕಾಣುವ ದೋಷಗಳು ಕೆಲವಿರುತ್ತವೆ.

ಶ್ರೀನಾಥರಿಗೆ ಸೋತದ್ದು ಬೆನ್ನಲ್ಲ, ಭುಜ. 1991ರಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್ ಆಡಿದ ಅವರು, ಸ್ಪಿನ್ನರುಗಳೇ ಆಳುತ್ತಿದ್ದ ತಾಯ್ನಾಡಿನ ಪಿಚ್ಚುಗಳಲ್ಲಿ ತಮ್ಮ ಸರದಿಗಾಗಿ ಬಹುಕಾಲ ಕಾದರು. 1994ರಲ್ಲಿ ಕಪಿಲ್ ದೇವ್ ನಿವೃತ್ತರಾದ ಮೇಲಾದರೋ, ದಾಳಿಯ ಹೊರೆಯೆಲ್ಲ ಒಮ್ಮೆಗೇ ಅವರ ಹೆಗಲಿಗೆ ಬಂದಿತು. 131 ಟೆಸ್ಟುಗಳನ್ನಾಡಿಯೂ ಗಾಯದ ಕಾರಣಕ್ಕೆ ಒಂದನ್ನೂ ತಪ್ಪಿಸಿಕೊಳ್ಳದ ಕಪಿಲರು ಪ್ರಕೃತಿಯ ಒಂದು ವಿಸ್ಮಯ. ಅವರನ್ನು ಮಾದರಿಯಾಗಿಟ್ಟುಕೊಂಡು ಉಳಿದವರಿಂದಲೂ ಅಷ್ಟನ್ನೇ ನಿರೀಕ್ಷಿಸಿದ್ದು ನಮ್ಮ ಕ್ರಿಕೆಟ್ಟಿನ ದೊಡ್ಡ ಅವಿವೇಕವೆಂದು ನಾನು ತಿಳಿದಿದ್ದೇನೆ. ಚೆಂಡು ಕೈಬಿಟ್ಟ ಮೇಲೆ ಅತಿವೇಗದಿಂದ ಸುತ್ತುವ ತೋಳನ್ನು ತಡೆದು ನಿಲ್ಲಿಸುವುದು ಭುಜದ ಕೀಲನ್ನು ಸುತ್ತಿ ಹಿಡಿದಿರುವ ನಾಲ್ಕು ಸಣ್ಣ ಸ್ನಾಯುಗಳ ಕೆಲಸ. ಶ್ರೀನಾಥರಲ್ಲಿ ಹರಿದದ್ದು ಆ ಬಂಧನವೇ. 1997ರ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಹೋಗಲಾಗದೆ, ಶಸ್ತ್ರಚಿಕಿತ್ಸೆಗೆ ಒಳಗಾಗಿ, ಅವರು ಆ ವರ್ಷದ ಕೊನೆಗೆ ಮರಳಿದರು.

ಅಹಮದಾಬಾದಿನಲ್ಲಿ 1996ರಲ್ಲಿ ದಕ್ಷಿಣ ಆಫ್ರಿಕಾವನ್ನು 21 ಓಟಗಳಿಗೆ ಆರು ವಿಕೆಟ್ ಕಿತ್ತು ಕೆಡವಿದ ಶ್ರೀನಾಥರನ್ನು ಮೆಚ್ಚದವರಿಲ್ಲ. ಆದರೂ ಆರಿಸಿಕೊಳ್ಳೆಂದರೆ ನಾನು ಆರಿಸುವುದು 1999ರ ಫೆಬ್ರುವರಿಯ ಕಲ್ಕತ್ತೆಯನ್ನು: ಪಾಕಿಸ್ತಾನದ ವಿರುದ್ಧ ಮೊದಲ ಸರದಿಯಲ್ಲಿ ಐದು, ಎರಡನೆಯದರಲ್ಲಿ 86 ಓಟಗಳಿಗೆ ಎಂಟು, ಒಟ್ಟು 13 ವಿಕೆಟ್. ಭಾರತ ಆ ಪಂದ್ಯವನ್ನು ಸೋತಿತು. ಚಿಕಿತ್ಸೆಗೊಂಡ ಭುಜದ ಆ ಬೌಲರನಲ್ಲಿ ಹಿಂದಿನ ಆತುರವಿರಲಿಲ್ಲ. ಒಳಕ್ಕೆ ನುಗ್ಗುವ ಚೆಂಡು ಅದೇ, ಆದರೆ ಅದನ್ನು ಯಾವಾಗ ಎಸೆಯಬೇಕು, ಯಾವ ಉದ್ದಕ್ಕೆ ಇಳಿಸಬೇಕು, ಎಷ್ಟು ಬಲವನ್ನು ಮುಂದಿನ ಓವರಿಗೆ ಉಳಿಸಿಕೊಳ್ಳಬೇಕು ಎಂಬ ವಿವೇಚನೆ ಮಾತ್ರ ಹೊಸದು. ಬುದ್ಧಿಯು ದೇಹದ ಮಿತಿಯನ್ನು ಅರಿತು, ಅದರೊಡನೆ ಒಡಂಬಡಿಕೆ ಮಾಡಿಕೊಂಡಾಗ ಹುಟ್ಟುವ ಆ ಪ್ರೌಢ ಸೌಂದರ್ಯ ಕೇವಲ ತಾರುಣ್ಯದ ವೇಗಕ್ಕೆ ದಕ್ಕುವಂಥದಲ್ಲ. 67 ಟೆಸ್ಟುಗಳಲ್ಲಿ 236 ವಿಕೆಟ್ ಪಡೆದು, ಟೆಸ್ಟಿನಿಂದ ವಿರಮಿಸಿದ ಮೇಲೂ ನಾಯಕನ ಮಾತಿಗೆ ಓಗೊಟ್ಟು 2003ರ ವಿಶ್ವಕಪ್‌ನಲ್ಲಿ 16 ವಿಕೆಟ್ ಕಿತ್ತದ್ದು ಈ ಎರಡನೆಯ ಜನ್ಮದ ಫಲ.

ಜಾನ್ಸನ್ನರಿಗೆ ಎರಡನೆಯ ಜನ್ಮ ದೊರೆಯಲಿಲ್ಲ. 1996ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾದ ವಿರುದ್ಧ, ಗಾಯಗೊಂಡ ಶ್ರೀನಾಥರ ಸ್ಥಾನದಲ್ಲಿಯೇ ಅವರು ಮೊದಲು ಆಡಿದ್ದು. ಮೈಕೇಲ್ ಸ್ಲೇಟರರನ್ನು ಕೆಡವಿದ ಆ ವೇಗವನ್ನು ಕಂಡವರು ಇಂದಿಗೂ ನೆನೆಯುತ್ತಾರೆ. ಡರ್ಬನ್ನಿನ ತರುವಾಯ ಅವರಿಗೆ ಮತ್ತೊಂದು ಟೆಸ್ಟ್ ಸಿಗಲಿಲ್ಲ. ಎರಡು ಟೆಸ್ಟು, ಮೂರು ವಿಕೆಟ್ಟು. 2024ರ ಜೂನ್‌ನಲ್ಲಿ ಅವರು ತೀರಿಕೊಂಡರೆಂಬ ವಾರ್ತೆ ಬಂದ ದಿನ, ಒಬ್ಬ ವೇಗಿಯನ್ನು ತಾಳ್ಮೆಯಿಂದ ಬೆಳೆಸಿ ತಿದ್ದುವ ಏರ್ಪಾಡು ಆ ಕಾಲದಲ್ಲಿ ಇದ್ದಿದ್ದರೆ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಪ್ರಾರಂಭವಾದದ್ದು 2000ದಲ್ಲಿ.

ಇಂದು ಆ ಏರ್ಪಾಡು ಇದೆ. ಕರ್ನಾಟಕದ ವೇಗಿ ಪ್ರಸಿದ್ಧ್ ಕೃಷ್ಣ ಬೆನ್ನಿನ ಬಿರುಕಿನಿಂದ ಶಸ್ತ್ರಚಿಕಿತ್ಸೆಗೆ ಒಳಗಾಗಿ, ತೊಡೆಯ ಸ್ನಾಯುವಿಗೆ ಮತ್ತೊಂದನ್ನು ಸಹಿಸಿ, 2025ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ಎರಡು ಸರದಿಗಳಿಂದ ಎಂಟು ವಿಕೆಟ್ ಪಡೆದರು. ಭಾರತ ಆರು ಓಟಗಳಿಂದ ಗೆದ್ದಿತು. ಆದರೆ ಅಕಾಡೆಮಿಯ ಬಾಗಿಲಿಗೆ ಹೋಗುವ ಮುನ್ನಿನ ಐದಾರು ವರ್ಷಗಳನ್ನು ನಮ್ಮ ಹುಡುಗರು ಕಳೆಯುವುದು ತರೀಕೆರೆಯ, ಅಜ್ಜಂಪುರದ ಗಟ್ಟಿ ನೆಲದ ಮೈದಾನಗಳಲ್ಲಿ, ತೆಳು ಅಟ್ಟೆಯ ಬೂಟು ತೊಟ್ಟು. 60 ಗ್ರಾಮನ್ನೂ ಮುಟ್ಟದ ಟೆನಿಸ್ ಚೆಂಡಿನಿಂದ ತೋಳನ್ನು ಬೀಸಿ ಕಲಿತವನು, 156 ಗ್ರಾಮಿಗೆ ಕಡಿಮೆಯಿಲ್ಲದ ತೊಗಲಿನ ಚೆಂಡನ್ನು ಒಂದು ದಿನ ಥಟ್ಟನೆ ಕೈಗೆತ್ತಿಕೊಂಡು ಅದೇ ಬೀಸಿನಲ್ಲಿ ಎಸೆದರೆ ಭುಜ ತಾಳೀತೇ? ಫಿರಂಗಿಗಳನ್ನೆಳೆದು ಮೈಸೂರು ಸೈನ್ಯಕ್ಕೆ ಹೆಸರು ತಂದ ಅಮೃತಮಹಲ್ ತಳಿಯನ್ನು ಸಾಕುವ ಅಜ್ಜಂಪುರದ ಸೀಮೆಯಲ್ಲಿ, ಹೆಗಲು ಬಲಿಯದ ಹೋರಿಗೆ ನೊಗ ಹೂಡಬಾರದೆಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದುದರಿಂದ ಬೇಸಗೆಯ ಪಂದ್ಯಾವಳಿಗಳನ್ನು ಏರ್ಪಡಿಸುವ ಮಹನೀಯರಲ್ಲಿ ನನ್ನದೊಂದು ಬಿನ್ನಹ: ಹದಿನಾರರ ಹುಡುಗನೊಬ್ಬ ಬೆಳಿಗ್ಗೆ ಒಂದು ತಂಡಕ್ಕೂ ಮಧ್ಯಾಹ್ನ ಇನ್ನೊಂದಕ್ಕೂ ಬೌಲ್ ಮಾಡುವುದನ್ನು ತಡೆಯಿರಿ, ಅಂಕಪಟ್ಟಿ ಬರೆಯುವವರಿಂದಲೇ ಪ್ರತಿಯೊಬ್ಬ ವೇಗಿಯ ವಾರದ ಓವರುಗಳನ್ನೂ ಒಂದು ಹಾಳೆಯಲ್ಲಿ ಬರೆಯಿಸಿರಿ, ಸೊಂಟ ನೋವೆಂದವನನ್ನು ಹೇಡಿಯೆನ್ನದೆ ಆ ದಿನ ಬಿಸಿಲಿನಿಂದ ಆಚೆಗೆ ಕೂರಿಸಿ, ಮರುದಿನ ಮೂಳೆಯ ವೈದ್ಯರಿಗೆ ತೋರಿಸಿರಿ.