ಸೊಳ್ಳೆಗೆ ಸಲ್ಲದ ಕೀರ್ತಿ

'ಸೊಳ್ಳೆಗಳಿಲ್ಲದಿದ್ದರೆ ಚಾಕೊಲೇಟೂ ಇಲ್ಲ' ಎಂಬ ಮಾತನ್ನು ಜನಪ್ರಿಯ ಬರಹಗಳಲ್ಲಿ ನೀವು ಓದಿರಬಹುದು. ಇದು ಸರಿಯಲ್ಲ. ಕೋಕೋ ಹೂವಿನಲ್ಲಿ ಪರಾಗಸ್ಪರ್ಶ ನಡೆಸುವುದು ಮುಖ್ಯವಾಗಿ ಸೆರಾಟೊಪೊಗೊನಿಡೀ ಕುಟುಂಬದ ಕಿರುನೊಣಗಳು. ಸೊಳ್ಳೆಗಳದು ಕ್ಯುಲಿಸಿಡೀ ಎಂಬ ಬೇರೆಯೇ ಕುಟುಂಬ.

ಸೊಳ್ಳೆಗಳು ಮಕರಂದ ಹೀರುವುದು ನಿಜ. ಆದರೆ ಹೂವಿಗೆ ಬಂದ ಕೀಟವೆಲ್ಲ ಪರಾಗಸ್ಪರ್ಶಕವಲ್ಲ. ಪರಾಗ ಶಲಾಕಾಗ್ರವನ್ನು ತಲುಪಿ ಕಾಯಿ ಕಟ್ಟಬೇಕು. ಅಂಥ ಪುರಾವೆ ಉತ್ತರ ಅಮೆರಿಕದ ಪ್ಲಾಟಾಂಥೆರಾ ಆಬ್ಟ್ಯುಸೇಟಾ ಎಂಬ ಆರ್ಕಿಡ್‌ನಲ್ಲಿ ದೊರೆತಿದೆ. ಅದರ ಪರಾಗಪಿಂಡ ಈಡಿಸ್ ಸೊಳ್ಳೆಯ ಕಣ್ಣಿಗೆ ಅಂಟಿಕೊಂಡು ಸಾಗುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೀಟಗಳು ಬಾರದಂತೆ ಚೀಲ ಮುಚ್ಚಿದ ಗಿಡಗಳಲ್ಲಿ ಕಾಯಿ ಕಡಿಮೆಯಾಯಿತು.

ಈ ಒಂದು ಫಲಿತಾಂಶವನ್ನು ಸುಮಾರು 3,500 ಸೊಳ್ಳೆ ಪ್ರಭೇದಗಳಿಗೂ ಅನ್ವಯಿಸಬಹುದೆ? ಡೆಂಗಿ ಹರಡುವ ಈಡಿಸ್ ಈಜಿಪ್ಟಿಯ ನಿಯಂತ್ರಣವನ್ನು ಪ್ರಶ್ನಿಸುವ ಮೊದಲು, ಯಾವ ಸೊಳ್ಳೆ, ಯಾವ ಹೂವು, ಎಷ್ಟು ಕಾಯಿ ಎಂದು ಕೇಳಿ.