ರಾಜೀವ ಯಾಕೆ ಸುಮ್ಮನಿದ್ದ?

ಮಳೆ ನಂಬಿ ಬಿತ್ತುವ ತಂಬ್ರಹಳ್ಳಿ ಸೀಮೆಯ ರೈತರಿಗೆ 1972ರ ‘ಬಂಗಾರದ ಮನುಷ್ಯ’ ಬರೀ ರಾಜ್‌ಕುಮಾರ್ ಪಿಕ್ಚರ್ ಅಲ್ಲ. ಕಲ್ಲುಭೂಮಿಯಲ್ಲಿ ಬೆಳೆ ತೆಗೆದ ರಾಜೀವನನ್ನು ನೋಡಿ ಪೇಟೆ ಬಿಟ್ಟು ಹೊಲಕ್ಕೆ ಮರಳಿದವರ ಮಾತು ನಾಡಿನ ತುಂಬ ಇದೆ. ಟಿ.ಕೆ. ರಾಮರಾವ್ ಕಾದಂಬರಿಯನ್ನು ಸಿದ್ದಲಿಂಗಯ್ಯ ತೆರೆಗೆ ತಂದರು. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು.

ಅಕ್ಕನ ಮಗನ ಚುಚ್ಚುಮಾತಿಗೆ ಉಣ್ಣುತ್ತಿದ್ದ ಅನ್ನ ಬಿಟ್ಟು ಏಳುವ ರಾಜೀವನಿಗಾಗಿ ಅಂದಿನವರು ಅತ್ತರು. ಈಗ ಮೊಬೈಲಿನಲ್ಲಿ ನೋಡುವ ಹುಡುಗರು ಕೇಳುವುದೇ ಬೇರೆ: ‘ಹೊಲ ಅವನದೇ ದುಡಿಮೆ, ತಿರುಗಿ ಒಂದು ಮಾತಾದರೂ ಆಡಬಾರದಿತ್ತಾ?’ ಬೋರ್‌ವೆಲ್ ಸಾಲ ಕಂಡ ಮನೆಯ ಮಕ್ಕಳು ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಆ ಗಳಿಗೆಯಲ್ಲಿ ರಾಜ್ ಮಾತಿಲ್ಲದೆ ಅಭಿನಯಿಸಿದ್ದಾರಲ್ಲ, ನನ್ನ ಮಟ್ಟಿಗೆ ಇಡೀ ಚಿತ್ರದ ಯಾವ ಸಂಭಾಷಣೆಯೂ ಅದಕ್ಕೆ ಸಮ ಬರುವುದಿಲ್ಲ.